ಹಳೆಯ ಕಾರಿನ ಜೀರ್ಣೋದ್ಧಾರ: ಅಮೆರಿಕದ ಒಂದು ಹವ್ಯಾಸದ ಚರಿತ್ರೆ

ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸುವ ಹವ್ಯಾಸ ಸಂಘಟಿತ ರೂಪ ಪಡೆದದ್ದು 1930ರ ದಶಕದಲ್ಲಿ. ಆದರೆ ಅದನ್ನು ಸಾಧ್ಯವಾಗಿಸಿದ ಸಂಗತಿ ಅದಕ್ಕಿಂತ ಕಾಲು ಶತಮಾನ ಹಳೆಯದು. 1908ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಅಮೆರಿಕದ ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕಣ್ಣೆದುರಿನಲ್ಲಿ ನಟ್ಟು ಬೋಲ್ಟಿನವರೆಗೂ ಬಿಚ್ಚಿಹಾಕಲಾಯಿತು. ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಬೆರೆಸಿ, 89 ಭಾಗಗಳನ್ನು ತೆಗೆದಿಟ್ಟು, ಅವುಗಳ ಜಾಗಕ್ಕೆ ವ್ಯಾಪಾರಿಯ ದಾಸ್ತಾನಿನಿಂದ ಬೇರೆಯವನ್ನು ತಂದು ಸೇರಿಸಿದರು. ಮೆಕ್ಯಾನಿಕ್‌ಗಳ ಕೈಯಲ್ಲಿ ಇದ್ದದ್ದು ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಅಷ್ಟೇ. ಅರ ಹಾಕಿ ಉಜ್ಜುವಂತಿರಲಿಲ್ಲ. ಆದರೂ ಆ ರಾಶಿಯಿಂದ ಮೂರು ಕಾರುಗಳು ಮತ್ತೆ ಎದ್ದುನಿಂತು ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 500 ಮೈಲಿ ಓಡಿದವು. ಕ್ಯಾಡಿಲ್ಯಾಕ್‌ಗೆ ಕ್ಲಬ್ಬಿನ ಡ್ಯೂವರ್ ಟ್ರೋಫಿ ದೊರೆಯಿತು. ಆ ಕಾಲದ ಬಹುಪಾಲು ಕಾರುಗಳ ಭಾಗಗಳನ್ನು ಒಂದಕ್ಕೊಂದು ಹೊಂದುವಂತೆ ಕೈಯಿಂದ ತಿದ್ದಿ ಕೂರಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಬರುತ್ತಿರಲಿಲ್ಲ. ನೂರು ವರ್ಷದ ಹಿಂದಿನ ಅಮೆರಿಕನ್ ಕಾರಿಗೆ ಇಂದಿಗೂ ಮತ್ತೊಂದು ಕಾರಿನ ಗೇರ್ ತಂದು ಹಾಕಬಹುದಾದರೆ, ಅದಕ್ಕೆ ಅಂದು ಸಾಬೀತಾದ ಈ ಅಳತೆಯ ಶಿಸ್ತೇ ಕಾರಣ.

ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಮಾರುಕಟ್ಟೆಗೆ ಬಂತು. 1927ರಲ್ಲಿ ಅದರ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. ಹಳ್ಳಿಯ ರೈತನೂ ಕೊಳ್ಳಬಹುದಾದ ಬೆಲೆ, ಮಾಲೀಕನೇ ರಿಪೇರಿ ಮಾಡಿಕೊಳ್ಳಬಹುದಾದಷ್ಟು ಸರಳ ಯಂತ್ರ. ಕಾರು ನಿಂತರೂ ಅದರ ಎಂಜಿನ್ನನ್ನು ಕಂಪನಿ 1941ರವರೆಗೆ ತಯಾರಿಸುತ್ತಲೇ ಇತ್ತು. ಹೀಗಾಗಿ ದೇಶದ ಮೂಲೆಮೂಲೆಯ ಕೊಟ್ಟಿಗೆಗಳಲ್ಲಿ, ಕಣಜಗಳ ಹಿಂದೆ, ಹೊಲದ ಬದುಗಳಲ್ಲಿ ಮಾಡೆಲ್ ಟಿಯ ದೇಹಗಳೂ ಬಿಡಿಭಾಗಗಳೂ ಹರಡಿಕೊಂಡವು. ಮುಂದೆ ಹವ್ಯಾಸಿಗಳಿಗೆ ಅವೇ ಗಣಿಯಾದವು.

ಕಾರು ಬೇಗ ಹಳತಾಗುವಂತೆ ಮಾಡಿದ್ದೂ ಅಮೆರಿಕವೇ. 1920ರ ದಶಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಆಲ್ಫ್ರೆಡ್ ಸ್ಲೋನ್ ನೇತೃತ್ವದಲ್ಲಿ ವರ್ಷಕ್ಕೊಂದು ಹೊಸ ರೂಪ ಬಿಡುವ ಪದ್ಧತಿಯನ್ನು ಬೆಳೆಸಿತು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನಿಗಾಗಿ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಓಡುವ ಸ್ಥಿತಿಯಲ್ಲಿದ್ದ ಕಾರು ಕೂಡ ನೋಟಕ್ಕೆ ಹಳೆಯದಾಗಿ ಗುಜರಿ ಸೇರತೊಡಗಿತು. 1930ರ ದಶಕದ ಆರಂಭಕ್ಕೆ ಹಿತ್ತಾಳೆಯ ರೇಡಿಯೇಟರ್, ಅಸಿಟಿಲೀನ್ ದೀಪ, ಕೈಯಿಂದ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಬೇಕಾದ ಎಂಜಿನ್ ಇದ್ದ ಕಾರುಗಳನ್ನು ಕೇಳುವವರೇ ಇರಲಿಲ್ಲ. ಅವು ಪೂರ್ತಿ ಕಣ್ಮರೆಯಾಗುವ ಮುನ್ನ ಉಳಿಸಿಕೊಳ್ಳಬೇಕೆಂದು ಹೊರಟವರು ಕೆಲವೇ ಜನ. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಆಂಟೀಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ, 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಾರ್ಸ್‌ಲೆಸ್ ಕ್ಯಾರೇಜ್ ಕ್ಲಬ್, 1938ರಲ್ಲಿ ವೆಟರನ್ ಮೋಟಾರ್ ಕಾರ್ ಕ್ಲಬ್ ಹುಟ್ಟಿಕೊಂಡವು. ಮಹಾ ಆರ್ಥಿಕ ಕುಸಿತದ ಬಡತನದ ನಡುವೆ ಶುರುವಾದ ಹವ್ಯಾಸ ಇದು ಎಂಬುದನ್ನು ಮರೆಯುವಂತಿಲ್ಲ. ಇಂದು ಕೋಟಿಗಟ್ಟಲೆ ಬೆಲೆಯ ಹರಾಜುಗಳನ್ನು ನೋಡಿ ಇದನ್ನು ಸಿರಿವಂತರ ಆಟವೆಂದುಕೊಳ್ಳುವುದು ಅದರ ಮೂಲಕ್ಕೆ ಮಾಡುವ ಅನ್ಯಾಯ.

ಈ ಕೆಲಸಕ್ಕೆ ಬಿದ್ದ ದೊಡ್ಡ ಏಟು ಎರಡನೆಯ ಮಹಾಯುದ್ಧ. 1942ರ ಫೆಬ್ರವರಿಯಲ್ಲಿ ಜನಬಳಕೆಯ ಕಾರುಗಳ ತಯಾರಿಕೆ ನಿಂತಿತು. ಪೆಟ್ರೋಲಿಗೂ ಟಯರಿಗೂ ರೇಷನ್ ಬಂತು. ಯುದ್ಧಸಾಮಗ್ರಿಗಾಗಿ ಊರೂರಲ್ಲಿ ನಡೆದ ಲೋಹ ಸಂಗ್ರಹದಲ್ಲಿ ಹಳೆಯ ಕಾರುಗಳು ಲೆಕ್ಕವಿಲ್ಲದಷ್ಟು ಕರಗಿದವು. ದೊಡ್ಡ ಮೈಯ, ಭಾರೀ ಎಂಜಿನ್ನಿನ ಕಾರುಗಳೇ ಗುಜರಿಯವರ ಕಣ್ಣಿಗೆ ಮೊದಲು ಬೀಳುತ್ತಿದ್ದವು, ಏಕೆಂದರೆ ಅವುಗಳಲ್ಲಿ ಅಲ್ಯುಮಿನಿಯಂ ಮತ್ತು ಹಿತ್ತಾಳೆ ಹೆಚ್ಚು.

ಯುದ್ಧ ಮುಗಿದ ಮೇಲೆ ಹವ್ಯಾಸ ರಭಸದಿಂದ ಬೆಳೆಯಿತು. 1905ರಿಂದ 1913ರವರೆಗೆ ನಡೆದು ನಿಂತಿದ್ದ ಗ್ಲಿಡನ್ ಟೂರ್ ಎಂಬ ದೂರಪ್ರಯಾಣವನ್ನು 1946ರಲ್ಲಿ ಹಳೆಯ ಕಾರುಗಳೊಂದಿಗೆ ಮತ್ತೆ ಆರಂಭಿಸಲಾಯಿತು. 1920 ಮತ್ತು 30ರ ದಶಕಗಳ ಪ್ಯಾಕರ್ಡ್, ಡ್ಯೂಸೆನ್‌ಬರ್ಗ್, ಕಾರ್ಡ್, ಪಿಯರ್ಸ್-ಆ್ಯರೋನಂಥ ಭವ್ಯ ಕಾರುಗಳಿಗಾಗಿ 1952ರಲ್ಲಿ ಕ್ಲಾಸಿಕ್ ಕಾರ್ ಕ್ಲಬ್ ಸ್ಥಾಪನೆಯಾಯಿತು. ಆದರೆ ಹವ್ಯಾಸಿಗಳ ದಿನನಿತ್ಯದ ಕಷ್ಟ ಬಿಡಿಭಾಗಗಳದು. ಒಂದು ಊರಿನಲ್ಲಿ ಕಾರ್ಬೊರೇಟರ್ ಇಲ್ಲದೆ ಕಾರು ನಿಂತಿರುತ್ತಿತ್ತು. ಸಾವಿರ ಮೈಲಿ ಆಚೆಯ ಶೆಡ್ಡಿನಲ್ಲಿ ಅದೇ ಕಾರ್ಬೊರೇಟರ್ ಧೂಳು ತಿನ್ನುತ್ತಿರುತ್ತಿತ್ತು. ಇವೆರಡನ್ನು ಜೋಡಿಸಿದ್ದು ಎರಡು ಸಾಧನಗಳು. ಇಲಿನಾಯ್ ರಾಜ್ಯದ ಕ್ವಿನ್ಸಿ ಊರಿನಿಂದ ಅರ್ನೆಸ್ಟ್ ಹೆಮಿಂಗ್ಸ್ 1954ರಲ್ಲಿ ಹೊರಡಿಸಿದ, ಜಾಹೀರಾತುಗಳನ್ನೇ ತುಂಬಿಕೊಂಡ ‘ಹೆಮಿಂಗ್ಸ್ ಮೋಟಾರ್ ನ್ಯೂಸ್’ ಪತ್ರಿಕೆ ಒಂದು. 1955ರಿಂದ ಪೆನ್ಸಿಲ್ವೇನಿಯದ ಹರ್ಷಿ ಪಟ್ಟಣದಲ್ಲಿ ಪ್ರತಿ ಅಕ್ಟೋಬರಿನಲ್ಲಿ ಸೇರುವ ಸಮ್ಮೇಳನ ಇನ್ನೊಂದು. ಚಾಕೊಲೇಟಿಗೆ ಹೆಸರಾದ ಆ ಊರಿನ ಬಯಲಿನಲ್ಲಿ ಬೆಳೆದ ಬಿಡಿಭಾಗಗಳ ಸಂತೆ ಜಗತ್ತಿನ ಅತಿ ದೊಡ್ಡ ಕಾರು ಸಂತೆಗಳಲ್ಲಿ ಒಂದೆನಿಸಿತು. ಮಳೆ ಬಂದರೆ ಮೊಣಕಾಲು ಕೆಸರಿನಲ್ಲಿ ನಿಂತು ಒಂದು ದೀಪದ ಗಾಜಿಗಾಗಿ ಸಾಲುಸಾಲು ಮೇಜು ಹುಡುಕುವುದು ಅಲ್ಲಿ ಎರಡು ಮೂರು ತಲೆಮಾರುಗಳ ವಾಡಿಕೆಯಾಗಿತ್ತು.

ಇದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಯುವಕರು ಅವೇ ಹಳೆಯ ಫೋರ್ಡ್‌ಗಳನ್ನು ಬೇರೊಂದು ಉದ್ದೇಶಕ್ಕೆ ಹುಡುಕುತ್ತಿದ್ದರು. ಮಡ್‌ಗಾರ್ಡ್ ಕಿತ್ತೆಸೆದು, ಮೇಲ್ಛಾವಣಿ ತಗ್ಗಿಸಿ, 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ನಿನ ಬಲ ಹೆಚ್ಚಿಸಿ ಒಣಗಿದ ಕೆರೆಗಳ ಮೇಲೆ ಓಡಿಸುವ ಹಾಟ್ ರಾಡ್ ಪಂಥ ಅವರದು. ಜೀರ್ಣೋದ್ಧಾರದವರಿಗೆ ಇದು ನಾಶವಾಗಿ ಕಂಡಿತು. ಆದರೂ ಗುಜರಿಗೆ ಹೋಗಬೇಕಿದ್ದ ಎಷ್ಟೋ ಚಾಸಿಗಳೂ ಬಾಡಿಗಳೂ ಉಳಿದದ್ದು ಈ ಹುಡುಗರಿಂದಲೇ.

ಹವ್ಯಾಸದ ಮಟ್ಟವನ್ನೇ ಬದಲಿಸಿದ ಘಟನೆ 1955ರಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚ್ ಕಾರು ಪ್ರದರ್ಶನದಲ್ಲಿ ನಡೆಯಿತು. 1950ರಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಮೊದಲ ವರ್ಷಗಳಲ್ಲಿ ಹೊಸ ಕಾರುಗಳೇ ಅಗ್ರ ಬಹುಮಾನ ಪಡೆಯುತ್ತಿದ್ದವು. 1955ರಲ್ಲಿ ಫಿಲ್ ಹಿಲ್ ಎಂಬ ರೇಸ್ ಚಾಲಕ, ತನ್ನ ಕುಟುಂಬದವರದೇ ಆಗಿದ್ದ 1931ರ ಪಿಯರ್ಸ್-ಆ್ಯರೋ ಕಾರನ್ನು ಸರಿಪಡಿಸಿ ತಂದು ಗೆದ್ದ. ಯುದ್ಧಪೂರ್ವದ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಆತ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ಮುಂದೆ ಹಳೆಯ ಕಾರುಗಳ ಜೀರ್ಣೋದ್ಧಾರವನ್ನೇ ವೃತ್ತಿಯಾಗಿಸಿಕೊಂಡ. ಅತ್ತ ನೆವಾಡದ ರೀನೊ ನಗರದಲ್ಲಿ ಕ್ಯಾಸಿನೊ ಮಾಲೀಕ ವಿಲಿಯಂ ಹ್ಯಾರಾ 1948ರಿಂದ ಸಂಗ್ರಹಿಸತೊಡಗಿ ಸುಮಾರು 1,400 ಕಾರುಗಳನ್ನು ಕೂಡಿಹಾಕಿದ. ಅವನ ಕಾರ್ಖಾನೆಯಲ್ಲಿ ಟಿಂಕರಿಂಗ್, ಮರಗೆಲಸ, ಪೇಂಟಿಂಗ್, ಸೀಟಿನ ಹೊಲಿಗೆಗೆ ಬೇರೆಬೇರೆ ವಿಭಾಗಗಳಿದ್ದವು. ಅವೆಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕೈಪಿಡಿ ಮತ್ತು ಕ್ಯಾಟಲಾಗುಗಳ ಗ್ರಂಥಾಲಯವಿತ್ತು. ಯಾವ ವರ್ಷ ಯಾವ ಸ್ಕ್ರೂ ಇತ್ತೆಂದು ದಾಖಲೆ ನೋಡಿ ತೀರ್ಮಾನಿಸುವ ಪದ್ಧತಿಯನ್ನು ಗಟ್ಟಿಗೊಳಿಸಿದವರಲ್ಲಿ ಹ್ಯಾರಾ ಪ್ರಮುಖ. 1978ರಲ್ಲಿ ಅವನು ತೀರಿಕೊಂಡ ಮೇಲೆ ಸಂಗ್ರಹದ ಬಹುಭಾಗ ಹರಾಜಾಯಿತು. ಉಳಿದದ್ದು ರೀನೊದ ವಸ್ತುಸಂಗ್ರಹಾಲಯದಲ್ಲಿದೆ.

ದಾಖಲೆಯ ಬೆಲೆ ತಿಳಿಯಬೇಕಾದರೆ ಕೆಲಸದ ಒಳಗನ್ನು ನೋಡಬೇಕು. ಮಾಡೆಲ್ ಟಿ ಎಂದರೆ ಕಪ್ಪು ಬಣ್ಣ ಎಂಬುದು ಎಲ್ಲರ ನಂಬಿಕೆ. ಕೇವಲ ಕಪ್ಪು ಬಣ್ಣದಲ್ಲಿ ಅದು ಸಿಗುತ್ತಿದ್ದದ್ದು 1914ರಿಂದ 1925ರವರೆಗೆ ಮಾತ್ರ. ಅದಕ್ಕೂ ಮೊದಲು ಕೆಂಪು, ಹಸಿರು, ಬೂದು ಬಣ್ಣದವೂ ಇದ್ದವು. 1910ರ ಕಾರಿಗೆ ಕಪ್ಪು ಬಳಿದರೆ ತಪ್ಪು, 1920ರ ಕಾರಿಗೆ ಹಿತ್ತಾಳೆಯ ರೇಡಿಯೇಟರ್ ಕೂರಿಸಿದರೂ ತಪ್ಪು. ಕ್ರೋಮ್ ಲೇಪನ ಕಾರುಗಳಿಗೆ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಇದ್ದದ್ದು ತುಸು ಹಳದಿ ಛಾಯೆಯ ನಿಕಲ್. ಹೊಳಪಿನ ಆಸೆಗೆ ಅದರ ಮೇಲೆ ಕ್ರೋಮ್ ಹಾಕಿಸಿದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಣ್ಣದ್ದೂ ಹೀಗೆಯೇ. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬರುವವರೆಗೆ ಕಾರಿಗೆ ಪದರದ ಮೇಲೆ ಪದರ ವಾರ್ನಿಷ್ ಬಣ್ಣ ಹಚ್ಚಿ, ಒಣಗಿಸಿ, ಉಜ್ಜಿ ಮುಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು.

ಕಬ್ಬಿಣಕ್ಕಿಂತ ಮರ ಹೆಚ್ಚು ಕಾಡುತ್ತದೆ ಎಂದರೆ ಹೊರಗಿನವರಿಗೆ ಅಚ್ಚರಿಯಾಗಬಹುದು. 1930ರ ದಶಕದ ಮಧ್ಯದವರೆಗೂ ಎಷ್ಟೋ ಅಮೆರಿಕನ್ ಕಾರುಗಳ ತಗಡಿನ ಮೈಯ ಒಳಗೆ ಗಟ್ಟಿ ಮರದ ಚೌಕಟ್ಟು ಇರುತ್ತಿತ್ತು. ಛಾವಣಿಯಿಂದ ಇಳಿದ ನೀರು ಕೀಲುಗಳಲ್ಲಿ ನಿಂತು ಮರ ಕೊಳೆತರೆ ಬಾಗಿಲು ಜೋಲುತ್ತದೆ, ತಗಡು ಸುಕ್ಕುಗಟ್ಟುತ್ತದೆ. ಬಡಗಿಯು ಕೊಳೆತ ತುಂಡನ್ನೇ ಅಳತೆಗೆ ಇಟ್ಟುಕೊಂಡು ಹೊಸ ತುಂಡು ಕೆತ್ತಬೇಕು. ಎಡಬದಿ ಪುಡಿಯಾಗಿದ್ದರೆ ಬಲಬದಿಯನ್ನು ಕನ್ನಡಿಯಂತೆ ತಿರುಗಿಸಿ ಅಳತೆ ತೆಗೆಯಬೇಕು. ಎರಡೂ ಹೋಗಿದ್ದರೆ ಅಂಥದೇ ಕಾರು ಇರುವ ಇನ್ನೊಬ್ಬರ ಮನೆಗೆ ಹೋಗಿ ಕಾಗದದ ಮೇಲೆ ಗೆರೆ ಎಳೆದು ತರಬೇಕು. ಎಂಜಿನ್ನಿನೊಳಗಿನ ಕಷ್ಟ ಬ್ಯಾಬಿಟ್‌ನದು. ತವರವೇ ಮುಖ್ಯವಾಗಿರುವ ಈ ಮೆದು ಮಿಶ್ರಲೋಹವನ್ನು ಕರಗಿಸಿ, ಬೇರಿಂಗ್ ಜಾಗದಲ್ಲಿ ನೇರವಾಗಿ ಎರಕ ಹೊಯ್ದು, ಆಮೇಲೆ ಕ್ರ್ಯಾಂಕ್‌ಶಾಫ್ಟಿನ ಅಳತೆಗೆ ಬೋರಿಂಗ್ ಮಾಡುವ ವಿಧಾನ ಅಂದಿನದು. ಅಂಗಡಿಯಲ್ಲಿ ಸಿಗುವ ತೆಳು ಬೇರಿಂಗ್ ಚಿಪ್ಪುಗಳು ಬಂದ ಮೇಲೆ ಈ ವಿದ್ಯೆ ಬಲ್ಲವರು ಬೆರಳೆಣಿಕೆಗೆ ಇಳಿದರು. ಕೈಯಿಂದ ಕೈಗೆ ದಾಟದಿದ್ದರೆ ಇಂಥ ಕಸುಬು ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ. ಇದನ್ನು ಮನಗಂಡ ಕ್ಯಾನ್ಸಸ್ ರಾಜ್ಯದ ಮೆಕ್‌ಫರ್ಸನ್ ಕಾಲೇಜು 1976ರಿಂದ ಕಾರುಗಳ ಜೀರ್ಣೋದ್ಧಾರವನ್ನು ಕಲಿಸುತ್ತ ಬಂದು, ಮುಂದೆ ಅದರಲ್ಲಿ ಪದವಿಯನ್ನೂ ಕೊಡತೊಡಗಿತು.

ಸರಿಪಡಿಸಿದ ಕಾರನ್ನು ನಿಲ್ಲಿಸಿಟ್ಟರೆ ಅದು ಮತ್ತೆ ಕೆಡುತ್ತದೆ. ಬ್ರೇಕಿನ ಸಿಲಿಂಡರು ತುಕ್ಕು ಹಿಡಿಯುತ್ತದೆ, ಪೆಟ್ರೋಲು ಅಂಟಾಗುತ್ತದೆ, ಎಣ್ಣೆಯ ಸೀಲು ಒಣಗುತ್ತದೆ. ಆದ್ದರಿಂದ ಓಡಿಸುವುದೇ ನಿರ್ವಹಣೆಯ ಮೊದಲ ಪಾಠ. 1950ರ ದಶಕದ ಮಧ್ಯದವರೆಗೆ ಬಹುತೇಕ ಕಾರುಗಳಲ್ಲಿ 6 ವೋಲ್ಟಿನ ಬ್ಯಾಟರಿ. ಅದಕ್ಕೆ ದಪ್ಪ ತಂತಿಯೇ ಬೇಕು. ಇಂದಿನ ತೆಳು ತಂತಿ ಹಾಕಿದರೆ ಸ್ಟಾರ್ಟರ್ ತಿಣುಕುತ್ತದೆ. ಇಂಧನದ ಬದಲಾವಣೆಯೂ ತೊಂದರೆ ತಂದಿತು. 1923ರಿಂದ ಮಾರಾಟವಾಗುತ್ತಿದ್ದ ಸೀಸ ಬೆರೆತ ಪೆಟ್ರೋಲನ್ನು ಅಮೆರಿಕ 1996ರ ಜನವರಿಯಿಂದ ರಸ್ತೆ ವಾಹನಗಳಿಗೆ ನಿಷೇಧಿಸಿತು. ಸೀಸವು ವಾಲ್ವ್ ಕೂರುವ ಜಾಗದ ಸವೆತವನ್ನು ತಡೆಯುತ್ತಿತ್ತು. 1950, 60ರ ದಶಕಗಳ ಎಂಜಿನ್ನುಗಳಿಗೆ ಗಟ್ಟಿ ಉಕ್ಕಿನ ವಾಲ್ವ್ ಸೀಟ್ ಕೂರಿಸಬೇಕಾಯಿತು. ಸೀಸವೇ ಇಲ್ಲದ ಕಾಲದಲ್ಲಿ ಹುಟ್ಟಿದ ಮಾಡೆಲ್ ಟಿಗೆ ಈ ಬಾಧೆ ಇಲ್ಲ. ಎಥನಾಲ್ ಬೆರೆತ ಇಂದಿನ ಇಂಧನ ಮಾತ್ರ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುವುದರಿಂದ ಅವನ್ನು ಬದಲಿಸಲೇಬೇಕು.

1970ರ ದಶಕದ ನಂತರ ಹವ್ಯಾಸದ ಕೇಂದ್ರ 1955ರ ಶೆವ್ರೊಲೆ, 1964ರ ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳತ್ತ ಸರಿಯಿತು. ತಮ್ಮ ಯೌವನದ ಕಾರನ್ನು ಮತ್ತೆ ಕೊಳ್ಳಲು ಬಯಸುವವರ ಸಂಖ್ಯೆ ದೊಡ್ಡದಿತ್ತು, ಬಿಡಿಭಾಗಗಳನ್ನು ಹೊಸದಾಗಿ ತಯಾರಿಸುವ ಉದ್ಯಮವೇ ಬೆಳೆಯಿತು. ಕೊನೆಗೆ 1960ರ ದಶಕದ ಕಮಾರೊ ಕಾರಿನ ಇಡೀ ಬಾಡಿ ಹೊಸ ತಗಡಿನಲ್ಲಿ ಸಿಗುವಂತಾಯಿತು. ಹಾಗಾದರೆ ಹಳೆಯ ಕಾರು ಎಂದರೆ ಯಾವುದು? ಎಂಜಿನ್, ಗೇರ್‌ಬಾಕ್ಸ್, ಚಾಸಿಗಳ ಸಂಖ್ಯೆಗಳು ಪರಸ್ಪರ ತಾಳೆಯಾಗುವ ಕಾರುಗಳ ಬೆಲೆ ಏರಿತು. ಅದರೊಂದಿಗೇ ಸಂಖ್ಯೆಗಳನ್ನು ತಿದ್ದಿ ಮಾರುವ ಮೋಸವೂ ಬಂತು.

ನಿಜವಾದ ಹಳೆಯ ಕಾರು ಯಾವುದೆಂಬ ಈ ಪ್ರಶ್ನೆ ಹವ್ಯಾಸವನ್ನು ಹೊಸ ದಾರಿಗೆ ತಂದಿದೆ. ಪ್ರದರ್ಶನಗಳಲ್ಲಿನ ಅಂಕಗಳ ಪೈಪೋಟಿಯಲ್ಲಿ ಕಾರುಗಳು ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತ ಹೆಚ್ಚು ನುಣುಪಾಗಿ ಹೊಳೆಯತೊಡಗಿದ್ದವು. ಆ ಹೊಳಪಿನಡಿ ಮೂಲ ಬಣ್ಣ, ಮೂಲ ಹೊಲಿಗೆ, ಕೆಲಸಗಾರನ ಕೈಗುರುತು ಎಲ್ಲವೂ ಅಳಿದಿದ್ದವು. ಹಳೆಯ ದೇವಾಲಯದ ಶಿಲೆಗೆ ಎಣ್ಣೆಬಣ್ಣ ಬಳಿದು ಅದನ್ನೇ ಜೀರ್ಣೋದ್ಧಾರ ಎಂದು ಕರೆಯುವುದನ್ನು ಕಂಡಿರುವ ಕನ್ನಡಿಗರಿಗೆ ಈ ನಷ್ಟವನ್ನು ವಿವರಿಸಬೇಕಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಸಾಧ್ಯವಾದಷ್ಟು ಕಡಿಮೆ ಕೈಹಾಕಿ ಇರುವುದನ್ನು ಉಳಿಸಬೇಕೆಂಬ ತತ್ವವನ್ನು ಮುಂದಿಟ್ಟಿತು. 2024ರಲ್ಲಿ ಪೆಬಲ್ ಬೀಚ್‌ನ ಅಗ್ರ ಬಹುಮಾನ ಮೊದಲ ಬಾರಿಗೆ ಜೀರ್ಣೋದ್ಧಾರಗೊಳ್ಳದ, ಬಣ್ಣ ಮಾಸಿದ ಕಾರಿಗೆ ಹೋಯಿತು. ಅದು 1934ರ ಬುಗಾಟಿ.

ಅಮೆರಿಕನ್ ಕಾರುಗಳ ಒಂದು ಕವಲು ಭಾರತಕ್ಕೂ ಬಂದಿತ್ತು. ಫೋರ್ಡ್ 1926ರಲ್ಲಿ ಇಲ್ಲಿ ಕಂಪನಿ ತೆರೆಯಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರುಗಳ ಜೋಡಣೆ ಆರಂಭಿಸಿತು. ಬಿಡಿಭಾಗಗಳನ್ನು ದೇಶದಲ್ಲೇ ತಯಾರಿಸಬೇಕೆಂಬ ಸರ್ಕಾರದ ನೀತಿಯಿಂದಾಗಿ 1950ರ ದಶಕದಲ್ಲಿ ಎರಡೂ ಹೊರಟುಹೋದವು. ಅಂದು ಬಂದ ಕಾರುಗಳು ಉಳಿದದ್ದು ಊರ ಮೆಕ್ಯಾನಿಕ್‌ಗಳು ಮತ್ತು ಲೇತ್ ಕೆಲಸದವರ ಕೈಚಳಕದಿಂದ. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೂ ಹಳೆಯ ಕಾರುಗಳ ಸಂಗ್ರಹಗಳನ್ನು ನೋಡಬಹುದು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಚಾಸಿ, ಬಾಡಿ ಮತ್ತು ಎಂಜಿನ್ ಮೂಲ ರೂಪದಲ್ಲೇ ಉಳಿದಿರಬೇಕು ಎಂಬುದು ಅದರ ಷರತ್ತು.