ಇಂಡಿ ರೋಡಿನಲ್ಲಿ ಇಂಡಿ ಇಲ್ಲ!

‘ರೋಡ್’ ಅಂದರೆ ಏನು ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಪದ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಬಂದರೆ ಅರ್ಥ ಬೇರೆ. ಅದು ತಿಳಿಯದೆ ಮೊಬೈಲಿನಲ್ಲಿ ಹುಡುಕಿ ಟಿಕೆಟ್ ತೆಗೆದವರು, ರಾತ್ರಿ ಇಳಿದು ‘ಊರು ಎಲ್ಲೈತ್ರೀ?’ ಎಂದು ಕೇಳುವ ಪಾಳಿ ಬರುತ್ತದೆ.

ರೈಲ್ವೆ ಭಾಷೆಯಲ್ಲಿ ಊರಿನ ಹೆಸರಿನ ಜೊತೆ ‘ರೋಡ್’ ಇದ್ದರೆ, ‘ಆ ಊರಿಗೆ ಹೋಗುವ ದಾರಿ ಇಲ್ಲಿಂದ’ ಎಂದರ್ಥ. ಊರು ಇಲ್ಲೇ ಇದೆ ಎಂದಲ್ಲ. ಗಾಣಗಾಪುರ ರೋಡ್, ಮಂತ್ರಾಲಯಂ ರೋಡ್‌ನಲ್ಲಿ ಇಳಿದು ಮತ್ತೆ ಬಸ್ಸು ಹಿಡಿದ ಭಕ್ತರಿಗೆ ಇದು ಗೊತ್ತು.

ನಮ್ಮ ಜಿಲ್ಲೆಗೆ ಈ ಪದ ಬಂದದ್ದು ಬರದ ಬೆನ್ನಿಗೆ. 1876–78ರ ಭೀಕರ ಬರದ ಹೊತ್ತಿಗೆ ಇದು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಸೊಲ್ಲಾಪುರಕ್ಕೆ ಆಗಲೇ ರೈಲು ಬಂದಿತ್ತು. ಅಲ್ಲಿಂದ ದಕ್ಷಿಣಕ್ಕೆ ಧಾನ್ಯ ತರಲು ಎತ್ತಿನ ಗಾಡಿಯೇ ಗತಿ. ಮೇವು, ನೀರು ಇಲ್ಲದೆ ದನಗಳೇ ಸಾಯುತ್ತಿರುವಾಗ ಗಾಡಿ ಎಳೆಯುವವರು ಯಾರು?

1880ರಲ್ಲಿ ಬರಗಾಲದ ಆಯೋಗ ಇಂಥ ಸೀಮೆಗಳಿಗೆ ರೈಲು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೊಟಗಿ–ಗದಗ ಮೀಟರ್ ಗೇಜ್ ಹಳಿ ತೆರೆಯಿತು.

ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಹಾದು ಗದಗ ಮುಟ್ಟುವುದು ಆ ಹಳಿಯ ಗುರಿ. ಪ್ರತಿ ಊರಿಗೂ ಸುತ್ತು ಹೊಡೆದರೆ ಖರ್ಚು, ಸಮಯ ಎರಡೂ ಹೆಚ್ಚು. ಹೀಗೆ ಇಂಡಿ ಮತ್ತು ಬಸವನ ಬಾಗೇವಾಡಿ ಪಟ್ಟಣಗಳು ಹಳಿಯ ಪೂರ್ವಕ್ಕೆ ದೂರ ಉಳಿದವು. ಹೆಸರು ಮಾತ್ರ ಬೋರ್ಡಿಗೆ ಬಂತು: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ಎರಡನೆಯದು ಇರುವುದು ತೆಲಗಿಯಲ್ಲಿ. ಇದೇ ಹಳಿಯಲ್ಲಿ ಮುಂದೆ ಗುಳೇದಗುಡ್ಡ ರೋಡ್ ಕೂಡ ಇದೆ.

ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಈ ‘ರೋಡ್’ ಭಾಗ್ಯವೂ ಇಲ್ಲ. ಮುದ್ದೇಬಿಹಾಳದವರು ರೈಲಿಗೆ ಆಲಮಟ್ಟಿಗೆ ಹೋಗಬೇಕು. ಆಲಮಟ್ಟಿ–ಯಾದಗಿರಿ ಮಾರ್ಗದ ಬೇಡಿಕೆ ಹಳೆಯದು.

ಬರದಲ್ಲಿ ಧಾನ್ಯ ಮುಟ್ಟಿಸಲು ಹಾಕಿದ ಹಳಿ ಇದು. ಆದರೆ ಸ್ಟೇಷನ್ನಿನಿಂದ ಊರಿನ ತನಕದ ಕೊನೆಯ ದಾರಿಯನ್ನು ಅಂದಿನಿಂದಲೂ ಜನರೇ ನೋಡಿಕೊಂಡಿದ್ದಾರೆ. ಅಂದು ಚಕ್ಕಡಿ, ಇಂದು ಟಂಟಂ. ಪರೀಕ್ಷೆಗೆ ಹೊರಟ ಹುಡುಗಿಗೆ, ಆಸ್ಪತ್ರೆಯಿಂದ ಮರಳುವ ಅಜ್ಜನಿಗೆ ಆ ಕೊನೆಯ ದಾರಿಯೇ ಭಾರ.

ಹಾಗಾಗಿ ಟಿಕೆಟ್ ತೆಗೆಯುವಾಗ ಹೆಸರಿನ ಕೊನೆಗೆ ‘ರೋಡ್’ ಕಂಡರೆ ಒಂದು ಗಳಿಗೆ ನಿಲ್ಲಿ. ಮ್ಯಾಪಿನಲ್ಲಿ ಊರು ಎಷ್ಟು ದೂರ ನೋಡಿ. ರೈಲು ಮುಟ್ಟುವ ಹೊತ್ತಿಗೆ ಬಸ್ಸು ಇದೆಯೇ ಎಂದು ಊರಿನವರಿಗೆ ಒಂದು ಫೋನ್ ಮಾಡಿ ಕೇಳಿ.