ಮೀನುಮರಿಗಳ ಜೊತೆ ಬಂದ ಕಪ್ಪೆ

ಮುಂಗಾರಿನ ಮೊದಲ ಮಳೆಗೆ ಕರ್ನಾಟಕದ ಗದ್ದೆಗಳಲ್ಲಿ ಗಂಟಲು ಹರಿಯುವಂತೆ ಕೂಗುವ ದೊಡ್ಡ ಕಪ್ಪೆ ಇಂಡಿಯನ್ ಬುಲ್‌ಫ್ರಾಗ್. ಬೆದೆಗೆ ಬಂದ ಗಂಡಿನ ಮೈ ನಿಂಬೆಹಳದಿಗೆ ತಿರುಗುತ್ತದೆ, ಕೂಗುವಾಗ ಗಂಟಲಿನ ಎರಡೂ ಬದಿಯಲ್ಲಿ ಕಡುನೀಲಿ ಚೀಲಗಳು ಉಬ್ಬುತ್ತವೆ. ಇಲ್ಲಿ ಇದು ಊರಿನದೇ ಜೀವಿ. ಆದರೆ ಬಂಗಾಳ ಕೊಲ್ಲಿಯ ಅಂಡಮಾನ್ ದ್ವೀಪಗಳಲ್ಲಿ ಇದು ಹೊರಗಿನಿಂದ ಬಂದು ನೆಲೆಯೂರಿದ ಆಕ್ರಮಣಕಾರಿ.

2000ದ ದಶಕದ ಆರಂಭದಲ್ಲಿ ಇದು ಅಲ್ಲಿಗೆ ಕಾಲಿಟ್ಟಿತು. ಸಾಕಣೆಗೆಂದು ತರಿಸಿದ ಮೀನುಮರಿಗಳ ನೀರಿನಲ್ಲಿ ಇದರ ಗೊದಮೊಟ್ಟೆಗಳೂ ಸೇರಿಕೊಂಡಿದ್ದವು. ಮೀನುಮರಿಗಳು ಕೊಳದಿಂದ ಕೊಳಕ್ಕೆ, ದ್ವೀಪದಿಂದ ದ್ವೀಪಕ್ಕೆ ಸಾಗಿದಂತೆ ಕಪ್ಪೆಯೂ ಸಾಗಿತು.

ಹರಡುವಿಕೆಯ ಹಳೆಯ ದಾಖಲೆ ಯಾರ ಬಳಿಯೂ ಇರಲಿಲ್ಲ. ಸಂಶೋಧಕರು ಹಳ್ಳಿಗಳಿಗೆ ಹೋಗಿ ರೈತರನ್ನು, ಮೀನು ಸಾಕುವವರನ್ನು ಮಾತನಾಡಿಸಿದರು: ಈ ಕಪ್ಪೆಯನ್ನು ಮೊದಲು ಕಂಡದ್ದು ಯಾವ ವರ್ಷ? ಆ ಉತ್ತರಗಳನ್ನು ಊರೂರಿನ ಲೆಕ್ಕದಲ್ಲಿ ಜೋಡಿಸಿದಾಗ ಆಕ್ರಮಣದ ನಕ್ಷೆ ಸಿದ್ಧವಾಯಿತು. 2009ರ ನಂತರ ಹರಡುವಿಕೆಯ ವೇಗ ಏರಿದ್ದೂ ಅದರಿಂದಲೇ ತಿಳಿಯಿತು.

ಹಿಡಿದ ಕಪ್ಪೆಗಳ ಹೊಟ್ಟೆಗೆ ನೀರು ಹಾಯಿಸಿ, ತಿಂದದ್ದನ್ನು ಹೊರತೆಗೆದು ಪರೀಕ್ಷಿಸಲಾಯಿತು. ಕೀಟಗಳ ಜೊತೆಗೆ ಹಲ್ಲಿ, ಹಾವುರಾಣಿಯಂಥ ಬೆನ್ನೆಲುಬಿನ ಜೀವಿಗಳೂ ಸಿಕ್ಕವು. ಕೋಳಿಮರಿಗಳನ್ನೂ ಇದು ಬಿಡದೆಂಬುದು ದ್ವೀಪವಾಸಿಗಳ ದೂರು.

ಇದರ ಗೊದಮೊಟ್ಟೆಗಳೂ ಮಾಂಸಾಹಾರಿಗಳೇ. ಪ್ರಯೋಗಕ್ಕಾಗಿ ಇವುಗಳ ಜೊತೆ ಒಂದೇ ನೀರಿನಲ್ಲಿ ಬಿಟ್ಟಾಗ, ಅಂಡಮಾನಿನ ಎರಡು ಸ್ಥಳೀಯ ಜಾತಿಗಳ ಗೊದಮೊಟ್ಟೆಗಳಲ್ಲಿ ಒಂದೂ ಕಪ್ಪೆಯಾಗುವವರೆಗೆ ಉಳಿಯಲಿಲ್ಲ.

ಬೆಳೆದ ಕಪ್ಪೆಗಳನ್ನು ಹಿಡಿದು ಮುಗಿಸುವುದು ಕಷ್ಟ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮೀನುಮರಿಗಳು ದೋಣಿ ಏರುವ ಮುನ್ನವೇ ಅವುಗಳ ನಡುವೆ ಗೊದಮೊಟ್ಟೆಗಳಿವೆಯೇ ಎಂದು ನೋಡಿ ಬೇರ್ಪಡಿಸುವುದು ತಡೆಯ ಮುಖ್ಯ ದಾರಿ.