ಶರಣರ ಚರಿತ್ರೆಯೂ ಕಾದಂಬರಿಕಾರನ ಕಲ್ಪನೆಯೂ

ಬಸವನ ಬಾಗೇವಾಡಿ, ಇಂಗಳೇಶ್ವರ, ಮುಳವಾಡದ ಸೀಮೆಯಲ್ಲಿ ಬಸವಣ್ಣನ ಕಥೆ ಪುಸ್ತಕಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಪುರಾಣ ಪ್ರವಚನ, ವಚನ ಗಾಯನ, ಮನೆಯ ಹಿರಿಯರ ಮಾತು - ಹೀಗೆ ಬೆಳೆದ ಓದುಗ ಬಸವಣ್ಣನನ್ನು ಕುರಿತ ಐತಿಹಾಸಿಕ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ನಿರಾಶೆಗೊಳ್ಳುವುದು ಅಪರೂಪವಲ್ಲ. ಅವನು ಹುಡುಕುವುದು ಮಹಾತ್ಮನನ್ನು; ಕಾದಂಬರಿಕಾರ ಹುಡುಕುವುದು ಮನುಷ್ಯನನ್ನು.

ಹಾಗಾದರೆ ನಿಜವಾದ ಬಸವಣ್ಣ ಎಲ್ಲಿದ್ದಾನೆ? ಶಾಸನಗಳು ಮಿತಭಾಷಿಗಳು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ೧೨೬೦ರ ಶಾಸನ ಅವನ ವಂಶದ ವಿಷಯ ಹೇಳುತ್ತದೆ; ಅವನ ಮನಸ್ಸಿನ ವಿಷಯವನ್ನಲ್ಲ. ಕಾವ್ಯಗಳಲ್ಲಿಯೂ ಒಮ್ಮತವಿಲ್ಲ. ಹರಿಹರನ ರಗಳೆಯ ಬಸವ ಉಪನಯನವಾದ ಮೇಲೆ ಜನಿವಾರವನ್ನು ಕಿತ್ತೆಸೆಯುತ್ತಾನೆ. ೧೩೬೯ರಲ್ಲಿ ಭೀಮಕವಿ ಬರೆದ ಬಸವ ಪುರಾಣದ ಬಸವ ಉಪನಯನವನ್ನೇ ನಿರಾಕರಿಸುತ್ತಾನೆ. ಇಬ್ಬರೂ ಭಕ್ತಕವಿಗಳೇ, ಆದರೂ ಒಂದೇ ಬದುಕನ್ನು ಬೇರೆ ಬೇರೆಯಾಗಿ ಕಂಡವರು.

ಆಧುನಿಕ ಕಾದಂಬರಿ ಈ ಬಿರುಕಿನಲ್ಲಿಯೇ ಕಾಲಿಡುತ್ತದೆ. ಬಿ. ಪುಟ್ಟಸ್ವಾಮಯ್ಯನವರು ಶರಣರನ್ನು ಬಿಜ್ಜಳನ ಕಾಲದ ರಾಜಕಾರಣದ ನಡುವೆ ನಿಲ್ಲಿಸಿದರು. ಅವರ 'ಕ್ರಾಂತಿ ಕಲ್ಯಾಣ'ಕ್ಕೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಚನ ಸಾಹಿತ್ಯದ ಸಂಶೋಧಕರಾದ ಪಿ.ವಿ. ನಾರಾಯಣ ಅವರ 'ಧರ್ಮಕಾರಣ'ದ ಹಾದಿ ಬೇರೆಯಾಯಿತು. ೧೯೯೫ರಲ್ಲಿ ಬಂದ ಈ ಕಾದಂಬರಿ ಅಕ್ಕನಾಗಮ್ಮ ಮತ್ತು ಚೆನ್ನಬಸವಣ್ಣನ ಜನನವನ್ನು ಚಿತ್ರಿಸಿದ ರೀತಿ ಅನೇಕರನ್ನು ನೋಯಿಸಿತು. ರಾಜ್ಯ ಸರ್ಕಾರ ೧೯೯೭ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಕಾನೂನು ಹೋರಾಟ ನಡೆಸಿದರು. ೨೦೦೭ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು.

ನೊಂದವರ ನೋವನ್ನು ಅಲ್ಲಗಳೆಯಬೇಕಿಲ್ಲ. ಎಂಟು ಶತಮಾನಗಳಿಂದ ಜನ ತಾಯಿಯಂತೆ ಕಂಡ ಅಕ್ಕನಾಗಮ್ಮನ ಬಗ್ಗೆ ಬರೆಯುವಾಗ, ಆಧಾರ ಎಲ್ಲಿ ಮುಗಿದು ಊಹೆ ಎಲ್ಲಿ ಆರಂಭವಾಯಿತೆಂಬ ಎಚ್ಚರ ಲೇಖಕನಿಗೆ ಇರಲೇಬೇಕು. ಚರಿತ್ರೆಯ ಹೆಸರು ಹೊತ್ತ ಊಹೆಯನ್ನು ಓದುಗ ಚರಿತ್ರೆಯೆಂದೇ ನಂಬಿಬಿಡುವ ಅಪಾಯವಿದೆ.

ಆದರೆ ನಿರಾಶೆಗೆ ಉತ್ತರ ಮುಟ್ಟುಗೋಲೇ? ಒಂದು ಕಾದಂಬರಿ ಸೋತಿತೆಂದು ತೋರಿಸಬೇಕಾದರೂ ಅದನ್ನು ಓದಬೇಕು. ಪುಸ್ತಕವೇ ಇಲ್ಲದಿದ್ದರೆ ಲೇಖಕ ತಪ್ಪಿದನೋ, ಓದುಗ ಆತುರಪಟ್ಟನೋ ಎಂಬುದನ್ನು ಮುಂದಿನವರು ತೂಗಿ ನೋಡುವ ಬಗೆ ಯಾವುದು? ಹರಿಹರನ ಬಸವನನ್ನು ಓದಿದವರು ಭೀಮಕವಿಯ ಬಸವನನ್ನೂ ಓದಿದರು; ಒಬ್ಬನಿಗಾಗಿ ಮತ್ತೊಬ್ಬನನ್ನು ಅಳಿಸಲಿಲ್ಲ. ಅನುಭವ ಮಂಟಪವನ್ನು ನೆನೆಯುವ ನಾಡಿಗೆ ಭಿನ್ನಮತವನ್ನು ಮಾತಿನಲ್ಲಿ ಎದುರಿಸುವ ದಾರಿ ಹೊಸದೇನಲ್ಲ.